ಹಗ್ಗದ ತುದಿ

ಖಾನಾಪುರ
ತಾ. ೧೪ ಡಿಸೆಂಬರ್ ೧೯೨೬, ಮಂಗಳವಾರ

ನಮ್ಮ ಮನೆಯವರಿಗೆ ಸಂಗವ್ವ ಮಾಡುವ ಶರಣಾರ್ಥಿ.

ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ಹಿರಿಯರು ಕಲಿಸಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಬರೆಯಬಲ್ಲ ಹೆಂಡತಿಯೂ ಇರುತ್ತಾಳೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆದರೂ ನನಗೆ ಕೈ ಏಳಲಿಲ್ಲ. ಲಕೋಟೆಯ ಮೇಲಿನ ಹೆಸರನ್ನು ಅಣ್ಣ ಈರಣ್ಣನ ಕೈಯಿಂದ ಬರೆಸುತ್ತೇನೆ. ಅಣ್ಣನಿಗೆ ನಿಮ್ಮ ಹೆಸರು ಬರೆಯುವುದೆಂದರೆ ಬೇವು ಜಗಿದಂತೆ, ಆದರೂ ಬರೆದಾನು.

ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ವಾಡಿಕೆ. ನನಗೆ ಜ್ವರವಿಲ್ಲ, ಕೆಮ್ಮಿಲ್ಲ. ದಣಿದಿದ್ದೇನೆ, ಅಷ್ಟೇ. ಬೆಳಿಗ್ಗೆ ಎದ್ದಾಗಲೇ ದಣಿದಿರುತ್ತೇನೆ. ಅತ್ತಿಗೆ ನಾನು ಸೋಮಾರಿಯಾಗಿದ್ದೇನೆ ಅನ್ನುತ್ತಾಳೆ. ಇದ್ದರೂ ಇರಬಹುದು.

ಮೊನ್ನೆ ರವಿವಾರ ನಾನು ಬೆಳಗಾವಿಯಲ್ಲಿದ್ದೆ. ನಿಮ್ಮ ನಾಟಕ ಕಂಪನಿಯ ಮಧ್ಯಾಹ್ನದ ಆಟಕ್ಕೆ ಬಂದಿದ್ದೆ. ಹೆಂಗಸರ ಕಡೆ, ಬಿದಿರು ಚಿಕ್ಕಿನ ಪರದೆಯ ಹಿಂದೆ, ನಾಲ್ಕನೆಯ ಸಾಲಿನಲ್ಲಿ ಕೂತಿದ್ದೆ. ನಿಮಗೆ ಹೇಳಿ ಬರಲಿಲ್ಲ, ನೋಡಿ ಮಾತಾಡಿಸಲೂ ಇಲ್ಲ. ಅದಕ್ಕೇ ಈ ಪತ್ರ.

ಸುಮ್ಮನೆ ಆಟ ನೋಡಲು ಬಂದವಳಲ್ಲ. ಅಣ್ಣ ಕಳಿಸಿದ್ದ. ಸೋಡಚೀಟಿಗಾಗಿ ಎರಡು ವರ್ಷದಿಂದ ಅವನು ನಿಮಗೆ ಬರೆಯುತ್ತಲೇ ಇದ್ದಾನೆ. ನೀವು ಪ್ರತಿ ಸಲ ನೋಡೋಣ ಅಂತ ಎರಡು ಸಾಲು ಹಾಕುತ್ತೀರಿ. ನಮ್ಮವರಲ್ಲಿ ಗಂಡ ಹಿರಿಯರ ಮುಂದೆ ಕೂತು ಇವಳನ್ನು ಬಿಟ್ಟುಕೊಟ್ಟೆ ಎಂದು ಆ ಚೀಟಿಗೆ ಸಹಿ ಹಾಕದೆ ಹೆಣ್ಣಿಗೆ ಉಡಿಕಿಯ ಮರುಮದುವೆ ಆಗುವಂತಿಲ್ಲ, ಇನ್ನೊಂದು ಮನೆ ಇಲ್ಲ. ಇಟಗಿಯಲ್ಲೊಬ್ಬರು ಕೇಳುತ್ತಿದ್ದಾರೆ. ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಹೆಣ್ಣು ಕೂಸು ಇದೆ. ಸಂಕ್ರಾಂತಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿಕಳಿಸಿದ್ದಾರೆ. ಕಾಯುವವರಿಗೂ ಒಂದು ಮಿತಿ ಇರುತ್ತದಲ್ಲ. ಗಂಡಸರು ಕೇಳಿ ಸಾಕಾಯಿತು, ನೀನೇ ಹೋಗಿ ಎದುರಿಗೆ ನಿಂತು ಕೇಳು ಎಂದ ಅಣ್ಣ. ಹೋದೆ.

ಸ್ಟೇಶನ್ನಿಗೆ ಸೋನಾಬಾಯಿ ಬಂದಿದ್ದಳು. ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದ ಜೈನರ ಸೋನಾಬಾಯಿ, ಈಗ ಅವರ ಅಂಗಡಿ ಬೆಳಗಾವಿಯಲ್ಲಿದೆ. ನೀವು ಅವಳ ಬಳೆ ಕೇಳಿ ತೊಟ್ಟು ನೋಡಿದ್ದು ನೆನಪಿರಬೇಕು, ಅವಳಂತೂ ಮರೆತಿಲ್ಲ. ಪೇಟೆಯಲ್ಲಿ ನಡೆದು ಬರುವಾಗ ಗೋಡೆಗೋಡೆಗೂ ಚಿತ್ರ ಅಂಟಿಸಿದ್ದರು. ಒಂದು ಗೋಡೆಯಲ್ಲಿ ಹೆಣ್ಣುವೇಷದಲ್ಲಿ ಕಂಬಕ್ಕೆ ಕಟ್ಟಿಸಿಕೊಂಡ ನೀವು. ಬಾಜುವಿನ ಗೋಡೆಯಲ್ಲಿ ಮೂಕಿ ಸಿನಿಮಾದ ನಾಯಕ ಸಂಕೋಲೆಯಲ್ಲಿ, ನಾಯಕಿ ಕುದುರೆಯ ಬೆನ್ನಿಗೆ ಬಿಗಿಸಿಕೊಂಡು. ಈ ಊರಿನಲ್ಲಿ ಕಟ್ಟಿಸಿಕೊಳ್ಳದ ಹೆಣ್ಣೇ ಇಲ್ಲವೇನೋ ಎಂದು ಸೋನಾಬಾಯಿ ನಕ್ಕಳು.

ಅಣ್ಣ ವಾಚನಾಲಯದಿಂದ ತರುವ ಕಾದಂಬರಿಗಳಲ್ಲೂ ಇದೇ ಪಾಡು. ನಾಯಕಿ ಸೆರೆ ಸಿಕ್ಕಳೋ, ಬರೆಯುವವನು ಅವಳನ್ನು ಗುಹೆಯಲ್ಲಿ ಬಿಟ್ಟು ತಾನು ನಾಯಕನ ಕುದುರೆಯ ಹಿಂದೆ ಓಡಿಬಿಡುತ್ತಾನೆ. ಅವಳು ಅಲ್ಲಿ ಏನು ಉಂಡಳು, ತಲೆ ಯಾರು ಬಾಚಿದರು, ಹೊತ್ತು ಹೇಗೆ ಕಳೆದಳು ಎಂಬುದು ಯಾರಿಗೂ ಬೇಡ. ನನಗೆ ಅದೇ ಬೇಕಾಗಿರುತ್ತದೆ. ನೀವು ಮನೆಗೆ ಬಾರದೆ ನಾಲ್ಕು ವರ್ಷ, ಅಂದಿನಿಂದ ನಾನು ಆ ಬರೆಯದ ಅಧ್ಯಾಯದಲ್ಲೇ ಇದ್ದೇನೆ.

ಇನ್ನು ನಿಮ್ಮ ಆಟ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನೀವು ರಾಜಕುಮಾರಿಯಾಗಿ ಹೂಬುಟ್ಟಿ ಹಿಡಿದು ಬಂದಾಗ ನನ್ನ ಪಕ್ಕದ ಮುದುಕಿ, ಎಷ್ಟು ಲಕ್ಷಣದ ಹುಡುಗಿ, ಯಾರ ಮನೆಯವಳೋ ಅಂದಳು. ನಮ್ಮ ಮನೆಯವಳು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನೀವು ಉಟ್ಟಿದ್ದು ನನ್ನ ಲಗ್ನದ ಇಲಕಲ್ ಸೀರೆ. ಹದಿನೈದು ದಿನಕ್ಕೆ ಅಂತ ಒಯ್ದದ್ದು. ನನಗಿಂತ ನಿಮಗೇ ಒಪ್ಪುತ್ತದೆ, ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ.

ಆದರೆ ಹತ್ತಿರದಿಂದ ಬಲ್ಲವಳಿಗೆ ನಿಮ್ಮ ದಣಿವು ಕಂಡಿತು. ಮೇಲಿನ ಸ್ವರಕ್ಕೆ ಹೋಗುವಾಗ ಕತ್ತು ಓರೆ ಮಾಡುತ್ತೀರಿ, ಮೊದಲು ಮಾಡುತ್ತಿರಲಿಲ್ಲ. ಕೂತು ಏಳುವಾಗ ಮೊಳಕಾಲ ಮೇಲೆ ಕೈ ಹೋಗುತ್ತದೆ. ರಾಜಕುಮಾರಿಗೆ ಮೂವತ್ತೈದು ದಾಟಿದೆ ಎಂದು ನನಗಲ್ಲದೆ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಸೆರೆಯ ಪ್ರವೇಶ. ಕಳ್ಳರ ನಾಯಕ ನಿಮ್ಮನ್ನು ಕಂಬಕ್ಕೆ ಬಿಗಿದ. ನೀವು ಅತ್ತಿರಿ, ಹಾಡಿದಿರಿ. ನಾಟಕದ ನಾಯಕ ಪದ್ಮಾಕರ ಖಡ್ಗ ಹಿಡಿದು ಬಾಗಿಲು ಮುರಿದು ಬಂದು ಹಾಡುತ್ತಾ ಹಗ್ಗ ಬಿಚ್ಚಿದ. ಜನ ವನ್ಸ್ ಮೋರ್ ಅಂದರು. ಹಾಡಿಗೆ ವನ್ಸ್ ಮೋರ್ ಬಂದರೆ ಹಾಡಷ್ಟೇ ಸಾಲದು, ಇಡೀ ಬಿಡುಗಡೆಯನ್ನೇ ಮತ್ತೆ ಮಾಡಬೇಕು ಎಂಬ ನಿಮ್ಮ ಕಂಪನಿಯ ಪದ್ಧತಿ ನನಗೆ ಗೊತ್ತಿರಲಿಲ್ಲ. ಮುರಿದ ಬಾಗಿಲನ್ನು ಎತ್ತಿ ನಿಲ್ಲಿಸಿದರು. ಪದ್ಮಾಕರ ಖಡ್ಗ ಸಮೇತ ಹೊರಗೆ ಹೋದ. ಆಗಷ್ಟೇ ಬಿಡುಗಡೆಯಾದ ನೀವು ಮೆಲ್ಲಗೆ ಹಿಂದೆ ನಡೆದು ಹೋಗಿ, ನೀವಾಗಿ ಕಂಬಕ್ಕೆ ಬೆನ್ನು ಕೊಟ್ಟು, ಕೈ ಹಿಂದೆ ಇಟ್ಟುಕೊಂಡು ನಿಂತಿರಿ. ಅದನ್ನು ನೋಡಿ ನನಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೂ ತುಂಬಿತು.

ಎರಡನೆಯ ಸಲವೂ ಬಿಡಿಸಿದ. ಮತ್ತೆ ವನ್ಸ್ ಮೋರ್ ಬಂತು. ಈ ಸಲ ಅದು ಹೆಂಗಸರ ಕಡೆಯಿಂದ ಬಂತು, ಒಂದೇ ದನಿ. ನಂತರ ಗಂಡಸರು ಹಿಡಿದುಕೊಂಡರು. ಆ ದನಿ ನನ್ನದು. ಸೋನಾಬಾಯಿ ನನ್ನ ತೊಡೆ ಚಿವುಟಿದಳು. ನಾಲ್ಕು ವರ್ಷ ನಾನು ಕಟ್ಟಿಸಿಕೊಂಡು ನಿಂತಿದ್ದೇನೆ, ನೀವೂ ಇನ್ನೊಂದು ಗಳಿಗೆ ನಿಲ್ಲಿ ಅನ್ನಿಸಿತು. ನನಗೆ ಅಷ್ಟು ಸಿಟ್ಟಿತ್ತು. ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನೀವು ಹೋಗಿ ನಿಂತಿರಿ, ಕಳ್ಳರ ನಾಯಕ ಮತ್ತೆ ಹಗ್ಗ ಸುತ್ತಿ ಒಳಗೆ ಹೋದ. ಪದ್ಮಾಕರ ಬರಲಿಲ್ಲ. ಅವನಿಗೆ ಸಾಕಾಗಿತ್ತೋ, ಚಹಾ ಕುಡಿಯಲು ಹೋದನೋ. ಪೇಟಿಯವರು ಹಾಡಿನ ಮೊದಲ ಸಾಲನ್ನು ಮತ್ತೆ ಮತ್ತೆ ಬಾರಿಸಿದರು. ಜನ ಸೀಟಿ ಹೊಡೆದರು. ನೀವು ಬಾಗಿಲು ನೋಡುತ್ತಾ ನಿಂತೇ ಇದ್ದಿರಿ. ಕಡೆಗೆ ಒಳಗಿನವರ ಕಡೆ ಕತ್ತು ಹೊರಳಿಸಿ, ರಾಜಕುಮಾರಿಯ ದನಿ ಬಿಟ್ಟು ನಿಮ್ಮ ಸ್ವಂತ ದನಿಯಲ್ಲಿ ಅಂದಿರಿ:

"ಕೈ ಜೋಮ ಹಿಡದಾವ್ರೀ. ಯಾರರ ಬಂದ ಬಿಡಸ್ರಿ."

ಇಡೀ ಥಿಯೇಟರು ನಕ್ಕಿತು. ಗಂಡಸಿನ ಗಂಟಲು, ಅದರ ಮೇಲೆ ಖಾನಾಪುರದ ಮಾತು, ನಗದೆ ಏನು ಮಾಡುತ್ತಾರೆ. ನಾನು ನಗಲಿಲ್ಲ. ಆ ದನಿಯನ್ನು ನಾನು ಕೇಳಿ ನಾಲ್ಕು ವರ್ಷವಾಗಿತ್ತು. ಆಮೇಲೆ ಪರದೆ ಬಿದ್ದಿತು.

ನನ್ನ ಎದೆಗೆ ತಾಕಿದ್ದು ಇನ್ನೊಂದಿದೆ. ಲಗ್ನವಾದ ವರ್ಷ ನೀವೇ ನನಗೆ ತೋರಿಸಿಕೊಟ್ಟಿದ್ದಿರಿ, ಅಡುಗೆಮನೆಯ ಕಂಬಕ್ಕೆ ನನ್ನನ್ನು ನಿಲ್ಲಿಸಿ. ನಾಟಕದಲ್ಲಿ ಗಂಟು ಹಾಕುವುದಿಲ್ಲ. ಹಗ್ಗ ಸುತ್ತಿ ತುದಿಯನ್ನು ನಾಯಕಿಯ ಮುಷ್ಟಿಯಲ್ಲೇ ಕೊಟ್ಟಿರುತ್ತಾರೆ. ನಾಯಕ ಮುಟ್ಟಿದಾಗ ಅವಳು ಮುಷ್ಟಿ ಸಡಿಲಿಸಬೇಕು, ಹಗ್ಗ ತಾನೇ ಜಾರುತ್ತದೆ. ಅಂದರೆ ಮೊನ್ನೆಯೂ ತುದಿ ನಿಮ್ಮ ಕೈಯಲ್ಲೇ ಇತ್ತು. ಕೈ ಜೋಮು ಹಿಡಿದರೂ, ಜನ ನಕ್ಕರೂ ನೀವು ಮುಷ್ಟಿ ಬಿಚ್ಚಲಿಲ್ಲ. ಬಿಡಿಸುವವರು ಬರಲಿ ಎಂದು ನಿಂತಿರಿ.

ಅದನ್ನು ಕಂಡ ಮೇಲೆ ನನಗೆ ನಿಮ್ಮನ್ನು ಎದುರಿಗೆ ನಿಂತು ಕೇಳುವ ಮನಸ್ಸು ಉಳಿಯಲಿಲ್ಲ. ಇವರು ನನ್ನನ್ನು ಹಟದಿಂದ ಹಿಡಿದುಕೊಂಡಿದ್ದಾರೆ ಎಂದು ಇಷ್ಟು ದಿನ ತಿಳಿದಿದ್ದೆ. ಹಟವಲ್ಲ. ತಾನಾಗಿ ಬಿಡುವುದು ನಿಮಗೆ ಬರುವುದಿಲ್ಲ, ಅಷ್ಟೇ. ಸಂಜೆಯ ಗಾಡಿ ಹಿಡಿದು ಊರಿಗೆ ಬಂದೆ. ಹೋದ ಹಾಗೇ ಬಂದೆಯಾ ಎಂದು ಅಣ್ಣ ಕೇಳಿದ. ಹೌದು ಅಂದೆ.

ನೀವು ಊರಿಗೆ ಯಾಕೆ ಬರುವುದಿಲ್ಲ ಎಂಬುದೂ ನನಗೆ ಗೊತ್ತು. ಕಡೆಯ ಸಲ ಬಂದಾಗ ಸ್ಟೇಶನ್ನಿನಲ್ಲೇ ಹುಡುಗರು ರುಮಾಲು ಎಳೆದು, ಉದ್ದ ಕೂದಲು ಬಿಚ್ಚಿಸಿ, ನಿಮ್ಮದೇ ಹಾಡು ಹಾಡಿ ಸೀಟಿ ಹೊಡೆದರು. ನೀವು ಮನೆಯ ತನಕವೂ ಬರದೆ ಎದುರು ಗಾಡಿ ಹತ್ತಿದಿರಿ. ನಾನು ಹೋಳಿಗೆ ಮಾಡಿಟ್ಟು ಕಾಯುತ್ತಿದ್ದೆ. ಸೋಡಚೀಟಿಯ ಮಾತು ಎದ್ದ ಮೇಲೆ ಹಿರಿಯರಲ್ಲಿ ದೊಡ್ಡವರಾದ ಚನ್ನಬಸಯ್ಯನವರು ಇನ್ನೊಂದು ಕಟ್ಟು ಹಾಕಿದರು. ಹಿರಿಯರ ಮುಂದೆ ಕೂಡುವವನು ಕೂದಲು ತೆಗೆಸಿ ಗಂಡಸಾಗಿ ಬರಬೇಕು, ಹೆಣ್ಣಿನ ಜಡೆಯವನ ಸಹಿ ನಡೆಯುವುದಿಲ್ಲ ಎಂದರು. ಕೂದಲು ಹೋದರೆ ನಿಮ್ಮ ಪಾತ್ರ ಹೋಯಿತು. ನನ್ನನ್ನು ಬಿಡಿಸಬೇಕಾದರೆ ನೀವು ಅನ್ನ ಬಿಡಬೇಕು. ಇದನ್ನು ಅಣ್ಣನಿಗೆ ನೀವು ಬರೆಯಬಹುದಿತ್ತು. ನೋಡೋಣ ಎಂದು ಯಾಕೆ ಬರೆದಿರಿ?

ಆ ಕೂದಲನ್ನು ನಾನೇ ಬಾಚಿದ್ದೇನೆ. ಹಬ್ಬಕ್ಕೆ ಬಂದಾಗ ಇಬ್ಬರೂ ಒಂದೇ ಬಟ್ಟಲಿನ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂಡುತ್ತಿದ್ದೆವು. ಓಣಿಯವರು ಒಂದೇ ಮನೆಯಲ್ಲಿ ಎರಡು ಹೆಣ್ಣು ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡು ಎಂದು ನೀವು ಕತ್ತು ಬಾಗಿಸಿ ಕೂತಿರುತ್ತಿದ್ದಿರಿ. ನನಗೆ ಆ ದಿನಗಳು ಬಹಳ ಇಷ್ಟವಾಗಿದ್ದವು.

ಅದಕ್ಕೆ ನಿನ್ನೆ ಸೋಮವಾರ ಅಣ್ಣನ ಪಡಸಾಲೆಯಲ್ಲಿ ಹಿರಿಯರು ಕೂತಾಗ ನಾನು ಬಾಗಿಲ ಹಿಂದೆ ನಿಲ್ಲಲಿಲ್ಲ. ಹೊರಗೆ ಬಂದೆ. ಚನ್ನಬಸಯ್ಯನವರು ಮತ್ತೆ ಕೂದಲಿನ ಮಾತೆತ್ತಿದರು. ನಾನು ಅಂದೆ:

"ಅಜ್ಜಾರ, ನನ್ನ ಕೊಡುವಾಗ ನೀವು ಅವರ ಕೂದಲಾ ನೋಡಲಿಲ್ಲ. ಬಿಡಿಸುವಾಗ ಯಾಕ ನೋಡ್ತೀರಿ?"

ಅಣ್ಣ ನೆಲ ನೋಡಿದ. ಅಜ್ಜಾರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಬಾಯಿಯ ತಾಂಬೂಲ ಉಗುಳಿ, ಅಂವಾ ಬರೂದಿಲ್ಲಂದ್ರ ನಾವ ಹೋಗೂಣು ಬಿಡ್ರಿ ಅಂದರು. ಹೋದರೆ ಆಟವನ್ನೂ ನೋಡಿದ ಹಾಗಾಗುತ್ತದೆ ಎಂದು ಇನ್ನೊಬ್ಬರು ಸೇರಿಸಿದರು. ಇಷ್ಟು ದಿನ ನಾಟಕದವರೆಂದರೆ ಮೂಗು ಮುರಿದವರು ಒಬ್ಬೊಬ್ಬರಾಗಿ ಗಾಡಿಯ ಹೊತ್ತು ಕೇಳತೊಡಗಿದರು.

ಬರುವ ರವಿವಾರ ಅವರು ಬರುತ್ತಾರೆ. ನಾಲ್ಕು ಜನ, ಜೊತೆಗೆ ಅಣ್ಣ. ನಿಮ್ಮ ಮಾಲಕರಿಗೆ ಹೇಳಿ ಮುಂದಿನ ಸಾಲಿನಲ್ಲಿ ಕೂಡಿಸಿರಿ. ಅಜ್ಜಾರಿಗೆ ಕಿವಿ ಮಂದ, ಸೆರೆಯ ಹಾಡನ್ನು ಸ್ವಲ್ಪ ಜೋರಾಗಿ ಹಾಡಿರಿ. ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲೇ ಚೀಟಿ ತೆಗೆಯುತ್ತಾರೆ. ಕೂದಲು ಇಳಿಬಿಟ್ಟಿದ್ದರೂ ಸರಿ, ಬಳೆ ತೆಗೆಯದಿದ್ದರೂ ಸರಿ, ಸಹಿ ನಡೆಯುತ್ತದೆ. ಇದನ್ನು ಅವರ ಬಾಯಿಂದಲೇ ಹೇಳಿಸಿದ್ದೇನೆ. ನೀವು ಕಂಬ ಬಿಟ್ಟು ಎಲ್ಲಿಗೂ ಬರಬೇಕಾಗಿಲ್ಲ. ಬಿಡಿಸುವವರನ್ನು ನಾನೇ ಅಲ್ಲಿಗೆ ಕಳಿಸುತ್ತಿದ್ದೇನೆ. ಮುಟ್ಟಿದಾಗ ಮುಷ್ಟಿ ಸಡಿಲಿಸಿದರೆ ಸಾಕು.

ಸೀರೆ ನಿಮ್ಮಲ್ಲೇ ಇರಲಿ. ಉಡಿಕಿಗೆ ಇಟಗಿಯವರು ಹೊಸದು ತರುತ್ತಾರೆ, ಅದೇ ಪದ್ಧತಿ. ಹಸಿರು ತರಲೋ ಕೆಂಪು ತರಲೋ ಎಂದು ಕೇಳಿಕಳಿಸಿದ್ದರು. ನನ್ನನ್ನು ಯಾರಾದರೂ ಏನಾದರೂ ಕೇಳಿ ಬಹಳ ದಿನವಾಗಿತ್ತು. ಕೂಸು ಚೂಟಿಯಾಗಿದೆ, ಕಾದಂಬರಿ ಓದಲು ಕಲಿಸಿದರಾಯಿತು ಅಂದುಕೊಂಡಿದ್ದೇನೆ. ಆ ಮನೆಯಲ್ಲಿ ನನಗೆ ಕೆಟ್ಟದಾಗಲಾರದು.

ಗಂಟಲಿಗೆ ಜ್ಯೇಷ್ಠಮಧು ಇಟ್ಟುಕೊಳ್ಳಿರಿ. ಚಳಿಗೆ ಬಿಸಿನೀರು ಕುಡಿಯಿರಿ. ಮೊಳಕಾಲಿಗೆ ಎಳ್ಳೆಣ್ಣೆ ಹಚ್ಚಿಸಿಕೊಳ್ಳಿರಿ. ಇದನ್ನೆಲ್ಲ ಬರೆಯುವ ಹಕ್ಕು ನನಗೆ ರವಿವಾರದ ತನಕ ಇದೆ, ಆದ್ದರಿಂದ ಬರೆದೆ.

ರವಿವಾರದವರೆಗೆ ನಿಮ್ಮವಳಾದ
ಸಂಗವ್ವ

ತಾ. ಕ. ಇದನ್ನು ಬರೆಯಬಾರದೆಂದಿದ್ದೆ. ಸಹಿಗೆ ಮೊದಲು ಅಜ್ಜಾರು ಒಂದು ಮಾತು ಕೇಳುತ್ತಾರೆ, ಇವಳನ್ನು ಮನಸಾರೆ ಬಿಡುತ್ತೀಯಾ ಎಂದು. ಹೂಂ ಅನ್ನಿರಿ. ಬಾಯಿಗೆ ಬಾರದಿದ್ದರೆ ನಟನೆ ಮಾಡಿರಿ, ನಿಮಗದು ಕಷ್ಟವಲ್ಲ. ನಿನ್ನೆ ನನ್ನನ್ನೂ ಅದನ್ನೇ ಕೇಳಿದರು. ಮನಸಾರೆ ಎಂದೆ. ನಾನು ಯಾವ ಕಂಪನಿಯಲ್ಲೂ ಕಲಿತವಳಲ್ಲ, ಆದರೂ ಪಡಸಾಲೆಯಲ್ಲಿದ್ದ ಒಬ್ಬರಿಗೂ ಗೊತ್ತಾಗಲಿಲ್ಲ.