ಗಾಳಿಗೆ ಬಾಯ್ತೆರೆದ ತಂಗುದಾಣ

ಪ್ರವಾಸೋದ್ಯಮ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಬೆಟ್ಟದ ಕಾಲುದಾರಿಯಲ್ಲಿ ತಾವು ಉದ್ಘಾಟಿಸಿದ ರಾತ್ರಿ ತಂಗುದಾಣದೊಳಗೆ ಯಾರೂ ತಂಗುತ್ತಿಲ್ಲ. ಅದರ ಹಿಂದೆ ತಂಗುತ್ತಿದ್ದಾರೆ. ಚಾರಣಿಗರು ಹತ್ತಿ ಬಂದು, ಒಳಗೆ ಇಣುಕಿ, ತೊಯ್ದ ಹಲಗೆಗಳನ್ನು ನೋಡಿ, ಕಟ್ಟಡಕ್ಕೆ ಒಂದು ಸುತ್ತು ಹಾಕಿ ಹಿಂಗೋಡೆಗೆ ಒರಗಿ ಕೂರುತ್ತಾರೆ. ಗೋಡೆ ಗಟ್ಟಿಯಾಗಿದೆ, ಗಾಳಿ ತಡೆಯುತ್ತದೆ. ಆದರೆ ಸೂರು ಇರುವುದು ಗೋಡೆಯ ಆಚೆ ಬದಿಗೆ. ಜಗತ್ತಿನಲ್ಲಿ ತಂಗುದಾಣಗಳು ಬೇಕಾದಷ್ಟಿರಬಹುದು. ಹೊರಗೆ ಮಲಗಲೆಂದೇ ಕಟ್ಟಿದ್ದು ಬಹುಶಃ ಇದೊಂದೇ. ಇದಕ್ಕಾಗಿ ಜನ ತಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಆ ಬೈಗುಳದಲ್ಲಿ ಅರ್ಧ ಪಾಲು ನನ್ನದು ಎಂದು ಹೇಳಲು ಈ ಪತ್ರ. ಹೇಳಲು ನಾಚಿಕೆಯಾಗುತ್ತದೆ, ಹೇಳದೆ ಇಷ್ಟು ದಿನ ಇದ್ದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ನಾನು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಬಿಡುವಿನ ದಿನಗಳಲ್ಲಿ ನಾವೊಂದಿಷ್ಟು ಜನ ಆ ಕಾಲುದಾರಿಯ ಮುಳ್ಳು ಸವರಿ, ಕುಸಿದ ಮೆಟ್ಟಿಲಿಗೆ ಕಲ್ಲು ಕೂರಿಸಿ, ಮರಗಳ ಮೇಲೆ ಮಾಸಿದ ಬಾಣದ ಗುರುತಿಗೆ ಮತ್ತೆ ಬಣ್ಣ ಬಳಿದು ಬರುತ್ತೇವೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಈ ಹುಚ್ಚು ಹತ್ತಿಸಿದವಳು ನನ್ನ ಅಕ್ಕ. ಪಕ್ಕದ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವಳದು. ಇಸ್ತ್ರಿಪೆಟ್ಟಿಗೆಗಿಂತ ಅವಳ ಬಾಯಿ ಬಿಸಿ ಎಂದು ಗಿರಾಕಿಗಳೇ ಹೇಳುತ್ತಾರೆ. ಈ ದಾರಿ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ, ನಡುವೆ ಸಿಕ್ಕಿಬಿದ್ದವರಿಗೆ ತಲೆ ಮೇಲೊಂದು ಸೂರು ಬೇಕು ಎಂದು ಹಟ ಹಿಡಿದವಳೂ ಅವಳೇ. ಮೂರು ಕಡೆ ಗೋಡೆ, ಒಂದು ಕಡೆ ಬಯಲು, ಮಲಗಲು ಹಲಗೆಯ ಜಗಲಿ, ಅಷ್ಟೇ. ಜಾಗಕ್ಕೆ ಅನುಮತಿಯನ್ನೂ ಸೂರಿಗೆ ತಗಡನ್ನೂ ತಾವು ಕೊಟ್ಟಿರಿ. ಎಲ್ಲವನ್ನೂ ನಾವು ಹೆಗಲ ಮೇಲೆ ಹೊತ್ತು ಮೇಲೆ ಸಾಗಿಸಿದೆವು. ಇಲ್ಲಿಯವರೆಗೆ ಯಾರ ಮೇಲೂ ದೂರಿಲ್ಲ.

ಸ್ಥಳ ಪರಿಶೀಲನೆಗೆ ತಾವು ದಯಮಾಡಿಸಿದ ದಿನ ನೆನಪಿದೆಯೇ? ಬಿಸಿಲಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬಯಲು ಮುಖ ಗುಡ್ಡದ ಕಡೆಗೆ ಬರುವಂತೆ ನಾವು ಗೂಟ ಹೊಡೆದಿದ್ದೆವು. ತಾವು ಎರಡೂ ಕೈಗಳ ಬೆರಳು ಜೋಡಿಸಿ ಚೌಕಟ್ಟು ಮಾಡಿಕೊಂಡು ಕಣಿವೆಯತ್ತ ನೋಡಿದಿರಿ.

“ಏನ್ರೀ ಇದು, ಇಂಥಾ ನೋಟಕ್ಕೆ ಬೆನ್ನು ತಿರುಗಿಸ್ತಾ ಇದೀರಲ್ಲ! ಮುಖ ಈ ಕಡೆ ಬರಲಿ. ಫೋಟೋದಲ್ಲಿ ಕಣಿವೆ ಕಾಣಬೇಕು” ಎಂದಿರಿ.

“ಸಾರ್, ಮಳೆಗಾಳಿ ಬರೋದೇ ಆ ಕಡೆಯಿಂದ. ಮಲಗೋರು ನೋಟ ಹೊದ್ಕೊಂಡು ಮಲಗ್ತಾರಾ?” ಎಂದಳು ಅಕ್ಕ.

ತಾವು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ಮಾನ್ಯರೇ, ನನಗೂ ಗೊತ್ತಿತ್ತು. ಆ ದಿಬ್ಬದ ಮರಗಳೆಲ್ಲ ಒಂದೇ ಕಡೆಗೆ ಬಾಗಿ ನಿಂತಿವೆ. ಯಾವ ಕನ್ನಡಕವೂ ಇಲ್ಲದೆ ಕಾಣುವ ಸಂಗತಿ. ಆದರೆ ಅಧಿಕಾರಿಯೊಬ್ಬರು ನನ್ನ ಅಭಿಪ್ರಾಯಕ್ಕೆ ಕಾದು ನಿಂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. “ನೀವು ಹೇಳೋದು ಸರಿ ಸಾರ್, ನೋಟ ಮುಖ್ಯ” ಎಂದುಬಿಟ್ಟೆ. ಅಲ್ಲಿಗಾದರೂ ಬಿಟ್ಟೆನೇ? “ನೀನು ಸುಮ್ನಿರಕ್ಕ, ದೊಡ್ಡೋರು ಮಾತಾಡ್ತಿರೋವಾಗ” ಎಂದು ಎಲ್ಲರೆದುರು ಅವಳ ಬಾಯಿ ಮುಚ್ಚಿಸಿದೆ. ಅವಳು ಗೂಟ ಕಿತ್ತು ನನ್ನ ಕೈಗೆ ಕೊಟ್ಟಳು.

ಉದ್ಘಾಟನೆ ಭರ್ಜರಿಯಾಗಿ ನಡೆಯಿತು. ತಾವು ಟೇಪು ಕತ್ತರಿಸಿದಿರಿ, ಫೋಟೋದಲ್ಲಿ ಕಣಿವೆ ಸೊಗಸಾಗಿ ಬಂತು. ಅಂಚಿನಲ್ಲಿ ನನ್ನ ಒಂದು ಕಿವಿ ಮತ್ತು ಅರ್ಧ ಕನ್ನಡಕ ಇವೆ. ಅಷ್ಟಕ್ಕೇ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೆ. ಮುಂಗಂಬದ ಹಿತ್ತಾಳೆ ಫಲಕದಲ್ಲಿ ತಮ್ಮ ಹೆಸರು ದಪ್ಪಕ್ಷರದಲ್ಲಿತ್ತು, ಕೆಳಗೆ ‘ಸ್ವಯಂಸೇವಕರ ಸಹಕಾರದೊಂದಿಗೆ’ ಎಂದು ಸಣ್ಣಕ್ಷರದಲ್ಲಿತ್ತು. ನನ್ನ ಹೆಸರಿಲ್ಲವಲ್ಲ ಎಂದು ಬಹಳ ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದೆ.

ಮಳೆ ಶುರುವಾದ ಮೇಲೆ ದಾರಿಗೆ ಮರ ಬಿದ್ದಿದೆ ಎಂಬ ಸುದ್ದಿ ಬಂತು. ಅಕ್ಕ ನನಗೆ ಹೇಳದೆ ಗರಗಸ ಹಿಡಿದು ಒಬ್ಬಳೇ ಹೊರಟಳು. ಸಂಜೆಗೆ ಗಾಳಿ ಎದ್ದಿತು, ಅವಳು ವಾಪಸಾಗಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಏದುಸಿರು ಬಿಡುತ್ತ ಹತ್ತಿದೆ. ತಂಗುದಾಣದೊಳಗೆ ಜಗಲಿಯ ಮೇಲೆಲ್ಲ ನೀರು, ಯಾರೂ ಇಲ್ಲ. “ಅಕ್ಕಾ” ಎಂದು ಕೂಗಿದೆ. ಅಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು. ಹೋಗಿ ನೋಡಿದರೆ, ಹಿಂಗೋಡೆಗೆ ಸಿಕ್ಕಿಸಿದ ಟಾರ್ಪಾಲಿನಡಿ ಅಕ್ಕ ಮತ್ತು ಚಾರಣಕ್ಕೆ ಬಂದಿದ್ದ ಗಂಡಹೆಂಡತಿ ಒದ್ದೆ ಕೋಳಿಗಳ ಹಾಗೆ ಮುದುಡಿ ಕೂತಿದ್ದರು.

“ಬಾರೋ” ಎಂದಳು ಅಕ್ಕ. “ಮುಂದೆ ಜಾಗ ಇಲ್ಲ, ನೋಟ ಮಲಗಿದೆ. ನಾವು ಹಿತ್ತಲಲ್ಲಿದೀವಿ.”

ಚಹಾ ಬಗ್ಗಿಸಿ ಕೊಟ್ಟೆ. ಆ ಗಂಡಸು ಲೋಟ ಹಿಡಿದು ಕೇಳಿದ: “ಇದನ್ನ ಹಿಂದುಮುಂದಾಗಿ ಕಟ್ಟಿಸಿದ ಮಹಾನುಭಾವ ಯಾರು ಅಂತೀನಿ? ಕೈಗೆ ಸಿಕ್ಕಿದ್ರೆ ಒಂದು ರಾತ್ರಿ ಒಳಗೇ ಮಲಗಿಸ್ತಿದ್ದೆ.”

ಅಕ್ಕ ನನ್ನ ಮುಖ ನೋಡಿದಳು. “ಯಾರೋ ಆಫೀಸಿನೋರು ಕಣಪ್ಪ. ಫಲಕದಲ್ಲಿ ಹೆಸರಿದೆಯಲ್ಲ, ಓದ್ಕೊಳ್ಳಿ” ಎಂದಳು.

“ಇವರು ನೋಡಿ, ಪಾಪ, ಇಷ್ಟು ದೂರ ಚಹಾ ಹೊತ್ಕೊಂಡು ಬಂದಿದಾರೆ. ಇಂಥೋರೂ ಇರ್ತಾರೆ” ಎಂದು ಆ ಹೆಂಗಸು ನನಗೆ ಕೈಮುಗಿದಳು.

ನಾನು ತಲೆಯಾಡಿಸಿದೆ. ಫಲಕದಲ್ಲಿ ನನ್ನ ಹೆಸರಿಲ್ಲದ್ದಕ್ಕೆ ಮನಸ್ಸಿನಲ್ಲೇ ದೇವರಿಗೆ ನಮಸ್ಕಾರ ಹಾಕಿದೆ. ಭೂಮಿ ಬಾಯಿಬಿಟ್ಟು ನುಂಗಬಾರದಿತ್ತೇ ಎಂದು ಅನ್ನಿಸುವುದು ಈಗ. ಆಗ ಅನ್ನಿಸಿದ್ದು, ಸದ್ಯ ಬಚಾವಾದೆ ಎಂದು ಮಾತ್ರ.

ಅಕ್ಕನ ಕೆಮ್ಮು ಇನ್ನೂ ಹೋಗಿಲ್ಲ. ಊರಿಗೆಲ್ಲ ಬೈಯುವವಳು ನನಗೆ ಒಂದು ಮಾತೂ ಅಂದಿಲ್ಲ, ಅಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂಗಡಿಗೆ ಹೋಗಿ ನಿಂತರೆ “ಬಟ್ಟೆ ತಂದಿದೀಯಾ? ಇಲ್ಲಾಂದ್ರೆ ಪಕ್ಕಕ್ಕೆ ನಿಲ್ಲು, ಗಿರಾಕಿಗಳಿದಾರೆ” ಎನ್ನುತ್ತಾಳೆ. ಕಾಲುದಾರಿಯ ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದ್ದಾಳೆ. “ಅದು ಗುಡ್ಡದ ಕಡೆ ತಿರುಗೋ ದಿನ ಕರೀರಿ, ಬರ್ತೀನಿ” ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದಾಳಂತೆ.

ಅದನ್ನು ತಿರುಗಿಸಲು ಅನುಮತಿ ಕೇಳಿಕೊಂಡು ತಮ್ಮ ಕಚೇರಿಗೆ ಬಂದೆ. ತಮ್ಮ ಸಹಾಯಕರು ಸಾವಧಾನವಾಗಿ ತಿಳಿಹೇಳಿದರು: “ಉದ್ಘಾಟನೆ ಆಗಿರೋ ಕಟ್ಟಡ ರೀ ಅದು. ತಿರುಗಿಸಿದ್ರೆ ಸಾಹೇಬರ ಫಲಕ ಗುಡ್ಡ ನೋಡ್ತಾ ನಿಲ್ಲತ್ತೆ. ಬೇಕಿದ್ರೆ ಒಂದು ಪರದೆ ಕಟ್ಕೊಳ್ಳಿ.” ಕಟ್ಟಿದೆವು. ಮೊದಲ ಗಾಳಿಗೇ ಅದು ಕಣಿವೆಗೆ ಹಾರಿತು. ಈಗ ಅದೂ ತಾವು ಮೆಚ್ಚಿದ ನೋಟದ ಒಂದು ಭಾಗ. ಫಲಕ ಗುಡ್ಡ ನೋಡಿದರೆ ಇಲಾಖೆಯ ಮಾನ ಹೋಗುವುದಾದರೆ, ಜನ ಹಿತ್ತಲಲ್ಲಿ ನಡುಗುವಾಗ ಅದು ಎಲ್ಲಿರುತ್ತದೆ? ಬೆಚ್ಚಗೆ ನಿದ್ದೆ ಮಾಡಿ ಎದ್ದವನೊಬ್ಬ ತಮ್ಮ ಹೆಸರನ್ನು ಓದಲಿ ಎಂಬ ಆಸೆಯೂ ತಮಗಿಲ್ಲವೇ? ಬಿಚ್ಚಿ ಕಟ್ಟುವ ಕೆಲಸ ನಮ್ಮದು. ಇಲಾಖೆಯಿಂದ ಒಂದು ಮೊಳೆಯೂ ಬೇಡ.

ಮುಂದಿನ ಮಳೆಗಾಲದೊಳಗೆ ತಂಗುದಾಣದ ಮುಖ ತಿರುಗಿಸಲು ಅನುಮತಿ ಕೊಡಿ. ಕೊಡಲಾಗದಿದ್ದರೆ ಇನ್ನೊಂದು ಬೇಡಿಕೆ ಇದೆ, ಅದಕ್ಕೆ ಕಟ್ಟಡ ಅಲುಗಿಸಬೇಕಾಗಿಲ್ಲ. ಫಲಕದಲ್ಲಿ ತಮ್ಮ ಹೆಸರಿನ ಪಕ್ಕಕ್ಕೆ, ಅಷ್ಟೇ ದಪ್ಪಕ್ಷರದಲ್ಲಿ, ನನ್ನ ಹೆಸರನ್ನೂ ಕೆತ್ತಿಸಿ. ಹಿತ್ತಲಲ್ಲಿ ಕೂತವರು ತಮ್ಮೊಬ್ಬರನ್ನೇ ಬೈಯುವುದು ನ್ಯಾಯವಲ್ಲ. ನನ್ನನ್ನು ಉಳಿಸಲು ನನ್ನ ಅಕ್ಕ ಇನ್ನೊಮ್ಮೆ ಯಾರ ಮುಂದೆಯೂ ಅರ್ಧ ಸತ್ಯ ಹೇಳುವಂತಾಗಬಾರದು.

ಇಂತಿ,
ತಮ್ಮ ಬೈಗುಳದ ಪಾಲುದಾರ,
ಕನ್ನಡಕದ ಅಂಗಡಿಯವನು
(ಹೆಸರು ಫಲಕಕ್ಕೆ ಮೀಸಲು)