ಕೈಮರದ ಕರಿಹಲಗೆ

3 ಆಗಸ್ಟ್ 1998, ಸೋಮವಾರ. ಶ್ರೀರಂಗಪಟ್ಟಣ

ಪೇಪರ್ ಓದಿ ಮುಗಿಸಿ ಒಂಬತ್ತರ ಬಸ್ಸಿಗೆ ಯೂನಿವರ್ಸಿಟಿ. ಡಾಕ್ಟರೇಟ್ ಕಮಿಟಿಯ ಪತ್ರ ಕೈಗೆ ಬಂತು. ಎರಡು ಸಲ ಓದಿದೆ. ನಾನು ತಪ್ಪು ಓದಿಲ್ಲ.

ನನ್ನ ವಿಷಯ: ಕಂಪ್ಯೂಟರ್ ಜಾಲದಲ್ಲಿ ಬುಲೆಟಿನ್ ಬೋರ್ಡ್ ನಡೆಸುವವರ ಕಾನೂನು ಹೊಣೆ. ಯಾರೋ ಎಲ್ಲಿಂದಲೋ ಬರೆದು ಹಾಕುತ್ತಾರೆ, ಜನ ಓದುತ್ತಾರೆ. ಬರೆದದ್ದು ಸುಳ್ಳಾದರೆ ಹಿಡಿಯಬೇಕಾದ್ದು ಬರೆದವನನ್ನೋ, ಜಾಗ ಕೊಟ್ಟವನನ್ನೋ? ಇಷ್ಟೇ ಪ್ರಶ್ನೆ. ಕಮಿಟಿಯ ಐದು ಜನ ಇದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಬೋರ್ಡ್ ಎಂದು ತಿಳಿದಿದ್ದಾರೆ. 'ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸೂಚನಾ ಫಲಕಗಳ ಸಮೀಕ್ಷೆ ನಡೆಸತಕ್ಕದ್ದು.'

ಗೈಡ್ ಪ್ರೊಫೆಸರ್ ಶಿವಣ್ಣನವರ ಹತ್ತಿರ ಹೋದೆ. "ಮಾಡ್ಬಿಡಿ ಜಯಕುಮಾರ್. ಟೈಟಲ್ ಬದಲಾಯಿಸೋಕೆ ಹೋದ್ರೆ ಇನ್ನೊಂದು ವರ್ಷ ಆಗುತ್ತೆ." ನಾನು ಇಂಟರ್‌ನೆಟ್ ನೋಡಿರುವುದು ಒಟ್ಟು ನಾಲ್ಕು ಸಲ. ಅವರು ಒಂದು ಸಲವೂ ಇಲ್ಲ. ಅವರು ನನಗೆ ಮಾರ್ಗದರ್ಶಕರು.

ಕನ್ನಡ ಸಾರಾಂಶದಲ್ಲಿ 'ಸೂಚನಾ ಫಲಕ' ಎಂದು ಬರೆದವನು ನಾನೇ, ನಿಜ. ಆದರೂ ಉಳಿದ ಎಂಟು ಪುಟ ಇತ್ತಲ್ಲ.

ಕಿರುಬೆರಳಿಗೆಲ್ಲ ಇಂಕು. ಎಡಗೈಯವರ ಪಾಡು — ಬರೆದ ಸಾಲಿನ ಮೇಲೆಯೇ ಕೈ ಹಾಯುತ್ತದೆ.

11 ಆಗಸ್ಟ್, ಮಂಗಳವಾರ. ಪಾಂಡವಪುರ

ಒಂದು ಕಚೇರಿ, ಹೆಸರು ಬೇಡ. ಬೋರ್ಡಿನಲ್ಲಿ ಕಾಗದ 17. ಅತಿ ಹೊಸದು ಎರಡೂವರೆ ವರ್ಷ ಹಳೆಯದು.

"ಇದನ್ನ ಯಾರು ಓದ್ತಾರಪ್ಪ?" ಎಂದೆ ಜವಾನನಿಗೆ.

"ನೀವೇ ಮೊದ್ಲು ಸಾ."

ಅವನಿಗೆ ಕಮಿಟಿಗಿಂತ ಬುದ್ಧಿ ಇದೆ.

14 ಆಗಸ್ಟ್, ಶುಕ್ರವಾರ. ನಾಗಮಂಗಲ

ಇನ್ನೊಂದು ಕಚೇರಿ. ಬೋರ್ಡಿಗೆ ಗಾಜಿನ ಬಾಗಿಲು, ಬೀಗ. ಬೀಗದಕೈ ಇಟ್ಟುಕೊಂಡಿದ್ದ ಗುಮಾಸ್ತ ವರ್ಗವಾಗಿ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿದ್ದಾನೆ. ಹೊಸ ನೋಟೀಸನ್ನು ಹೊರಗಿನಿಂದ ಗಾಜಿಗೆ ಅಂಟಿಸುತ್ತಾರೆ. ಒಳಗಿನದು ಮರೆಯಾಯಿತು, ಹೊರಗಿನದು ಮಳೆಗೆ ಕರಗಿತು. ಏನೂ ಓದಲಾಗದ ಮೇಲೆ ಹೊಣೆಯ ಪ್ರಶ್ನೆಯೇ ಇಲ್ಲ. ಬಹುಶಃ ಉದ್ದೇಶವೂ ಅದೇ.

ವಾಪಸ್ ಬಸ್ಸಿನಲ್ಲಿ ಎಳನೀರಿನ ಗೊನೆಗಳಿಗೆ ಸೀಟು. ನಾನು ನಿಂತೇ ಬಂದೆ.

22 ಆಗಸ್ಟ್, ಶನಿವಾರ. ಕೆ.ಆರ್. ಪೇಟೆ ತಾಲ್ಲೂಕು

ಹೇಮಗಿರಿ ಕಡೆಯ ರಸ್ತೆ ಕವಲೊಡೆಯುವಲ್ಲಿ ಒಂದು ಕೈಮರ. ಏಳು ಊರಿನವರು ಬಸ್ಸು ಹತ್ತುವ ಜಾಗ. ಮಂಡ್ಯಕ್ಕೆ ಬೆಳಿಗ್ಗೆ 6.40ಕ್ಕೆ ಒಂದೇ ಬಸ್ಸು. ಅದನ್ನು ಬಿಟ್ಟರೆ ಮಧ್ಯಾಹ್ನ.

ಅಲ್ಲಿ ಮಂಚಯ್ಯ ಎಂಬಾತನ ಸೈಕಲ್ ಶಾಪ್. ಅರವತ್ತರ ಹತ್ತಿರದ ವಯಸ್ಸು. ಶಾಪ್ ಮುಂದೆ ಕಪ್ಪು ಬಳಿದ ಹಲಗೆ, ದಾರದಲ್ಲಿ ಕಟ್ಟಿದ ಸೀಮೆಸುಣ್ಣ. ಯಾರು ಬೇಕಾದರೂ ಬರೆಯಬಹುದು. ಇವತ್ತಿನದು: ಎಮ್ಮೆ ತಪ್ಪಿಸಿಕೊಂಡಿದೆ, ಎಡಗೊಂಬು ಮುರಿದಿದೆ. ತೆಂಗಿನ ಸಸಿ ಇವೆ. ದನದ ಡಾಕ್ಟರು ಬುಧವಾರ. ದ್ಯಾವಯ್ಯನ ತಿಥಿ ಸೋಮವಾರ. ದೀಪ ಹಚ್ಚುವ ಹೊತ್ತಿಗೆ ಮಂಚಯ್ಯ ಒದ್ದೆ ಗೋಣಿಯಿಂದ ಎಲ್ಲ ಒರೆಸಿಬಿಡುತ್ತಾನೆ.

ಮಾತಿನ ನಡುವೆ, "ಸಾ, ಆ ಮೂರ್ನೆ ಸಾಲು ಏನೈತೆ, ಒಸಿ ಓದಿ" ಎಂದ. ಆಗ ತಿಳಿಯಿತು. ಈ ಮನುಷ್ಯನಿಗೆ ಓದು ಬರದು.

"ಓದೋಕೆ ಬರದೆ ಬೋರ್ಡು ಇಟ್ಟಿದೀರಲ್ಲ ಮಂಚಣ್ಣ?"

"ಬಸ್ ಓಡ್ಸಕ್ ಬರೋರೇ ಬಸ್‌ಸ್ಟ್ಯಾಂಡ್ ಕಟ್ಟವ್ರಾ ಸಾ?"

"ಯಾರಾದ್ರೂ ಕೆಟ್ಟದ್ದು ಬರೆದ್ರೆ?"

"ಮೂರ್ ಜನದ ಕೈಲಿ ಓದುಸ್ತೀನಿ. ಒಬ್ರಿಗೊಬ್ರು ಸಂಬಂದ ಇಲ್ದೋರು. ಓದುದ್ ಮ್ಯಾಲೆ 'ದಿಟವಾ' ಅಂತೀನಿ. ಯಾರಾನ ತಡವರಿಸುದ್ರೆ, ಇಲ್ಲ ನಕ್ರೆ, ಒರೆಸ್ಬುಡ್ತೀನಿ."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವನು ನಾನು ಬರೆಯುವುದನ್ನೇ ನೋಡುತ್ತಿದ್ದ. ಓದು ಬಾರದವನಿಗೆ ಬರಹದ ಮೇಲೆ ಇರುವ ಬೆರಗು, ಅಷ್ಟೇ.

1 ಸೆಪ್ಟೆಂಬರ್, ಮಂಗಳವಾರ. ಶ್ರೀರಂಗಪಟ್ಟಣ

ಅಮೆರಿಕದ ಎರಡು ತೀರ್ಪು ಓದಿದೆ, ಮಸುಕು ಜೆರಾಕ್ಸ್. ಒಂದರ ಪ್ರಕಾರ, ಬೋರ್ಡಿನಲ್ಲಿ ಏನಿದೆ ಎಂದು ತಿಳಿಯದವನಿಗೆ ಹೊಣೆ ಇಲ್ಲ. ಇನ್ನೊಂದರ ಪ್ರಕಾರ, ಆರಿಸಿ ಅಳಿಸುವವನು ಪ್ರಕಾಶಕ, ಅವನಿಗೆ ಹೊಣೆ ಇದೆ. ಮಂಚಯ್ಯ ಎರಡೂ. ಓದಲಾರ, ಆದರೆ ಅಳಿಸುತ್ತಾನೆ.

ಅವನ ಮೂರು ಓದಿನ ಪದ್ಧತಿ ಹಾಸ್ಯಾಸ್ಪದ. ಒಬ್ಬ ದಡ್ಡನನ್ನು ಕೇಳುವ ಬದಲು ಮೂವರನ್ನು ಕೇಳುವುದು. ಪರೀಕ್ಷಿಸಿ ತೋರಿಸಬಹುದು. ಸುಳ್ಳು ಸಾಲು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಅಂಕಿ ಈ ದೇಶದಲ್ಲಿ ಯಾರ ಥೀಸಿಸ್ಸಿನಲ್ಲೂ ಇರಲಾರದು.

8 ಸೆಪ್ಟೆಂಬರ್, ಮಂಗಳವಾರ. ರಾತ್ರಿ ಊಟದ ಮುಂಚೆ

ಸಂಜೆ 4.10. ಮಂಚಯ್ಯ ಹಿಂದುಗಡೆ ಟ್ಯೂಬು ನೀರಿಗೆ ಅದ್ದಿ ತೂತು ಹುಡುಕುತ್ತಿದ್ದ. ಬರೆದೆ: 'ನಾಳೆ ಬೆಳಿಗ್ಗೆ 6.40ರ ಮಂಡ್ಯ ಬಸ್ಸು ಇಲ್ಲ.' ಯಾರ ಹೆಸರೂ ಇಲ್ಲ, ಯಾರ ಮಾನವೂ ಇಲ್ಲ. ಬಸ್ಸು ಬಂದರೆ ಕಣ್ಣಿಗೆ ಕಾಣುತ್ತದೆ. ಹಾನಿ ಶೂನ್ಯ.

4.25ಕ್ಕೆ ಹೊಸ ಸಾಲು ಅವನ ಕಣ್ಣಿಗೆ ಬಿತ್ತು. ಹಾಲಿನ ಕ್ಯಾನಿನವನೊಬ್ಬ ಓದಿದ. ಒಬ್ಬ ಹೆಂಗಸು ಓದಿದಳು. ಇಬ್ಬರಿಗೂ ದಿಟವೋ ಸುಳ್ಳೋ ಗೊತ್ತಿಲ್ಲ. ಮೂರನೆಯದಕ್ಕೆ ನನ್ನತ್ತ ತಿರುಗಿದ. ಓದಿದೆ.

"ದಿಟವಾ ಸಾ?"

"ಇರಬೇಕು" ಎಂದೆ.

5.55ಕ್ಕೆ ಎಲ್ಲದರ ಜೊತೆ ಅದೂ ಗೋಣಿಗೆ ಹೋಯಿತು. ನಿಂತದ್ದು 1 ಗಂಟೆ 45 ನಿಮಿಷ. ಓದಿದವರು 31. ಪ್ರಶ್ನೆ ಮಾಡಿದವರು 0. ನಾಲ್ಕು ತಾಲ್ಲೂಕಿನಲ್ಲಿ ಸಿಕ್ಕ ಮೊದಲ ಉಪಯುಕ್ತ ಅಂಕಿ. ಈ ಜನಕ್ಕೆ ಸೀಮೆಸುಣ್ಣದಲ್ಲಿ ಬರೆದರೆ ಸಾಕು.

20 ಸೆಪ್ಟೆಂಬರ್, ಭಾನುವಾರ

ಎರಡನೆಯ ಸುತ್ತಿನ ಪರೀಕ್ಷೆಗೆಂದು ಹೋದೆ. ಹಲಗೆ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು.

ಕಾರಣ ಮಂಚಯ್ಯನಿಂದ ತಿಳಿಯಿತು. ಅವತ್ತು ಸಂಜೆ ಓದಿದವರು ಏಳು ಊರಿಗೂ ಹೇಳಿದ್ದಾರೆ. ಹಲಗೆ ಒರೆಸಿದ್ದು ನಿಜ, ಊರಿಗೆ ಹೋದ ಮಾತನ್ನು ಒರೆಸುವವರು ಯಾರು? ಬೆಳಿಗ್ಗೆ ಏಳು ಜನ ಬಸ್ಸಿಗೆ ಬರಲೇ ಇಲ್ಲ. ಖಾಲಿ ಬಸ್ಸು ಕೈಮರದಲ್ಲಿ ನಿಂತು ಹೊರಟುಹೋಗಿದೆ. ಆ ಏಳರಲ್ಲಿ ಪ್ರಮೀಳಾ ಒಬ್ಬಳು. ಮಂಡ್ಯದಲ್ಲಿ ಹತ್ತಕ್ಕೆ ಅಂಗನವಾಡಿ ಕೆಲಸದ ಸಂದರ್ಶನ ಇತ್ತು. ಅವಳ ಮಾವ ಶಿವಲಿಂಗಯ್ಯ ಪಂಚಾಯ್ತಿ ಮೆಂಬರು. ರಸ್ತೆ ಬದಿಯ ಶಾಪನ್ನೇ ಎತ್ತಿಸುವಂತೆ ಅರ್ಜಿ ಕೊಟ್ಟಿದ್ದಾನೆ. ಅಕ್ಟೋಬರ್ ಒಂದಕ್ಕೆ ಪಂಚಾಯ್ತಿ. ಮೂವತ್ತು ವರ್ಷದ ಶಾಪು.

ಮಾತಾಡುತ್ತಿರುವಾಗ ಪ್ರಮೀಳಾಳೇ ಬಸ್ಸಿಗೆ ಬಂದಳು. ಮಂಚಯ್ಯ ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕತೊಡಗಿದ.

"ನಿಂದೇನ್ ತಪ್ಪು ಬುಡಣ್ಣ. ಮಾವಂಗೆ ಹೇಳುದ್ರೆ ಕೇಳಲ್ಲ" ಎಂದಳು. ನನ್ನ ಕಡೆ ತಿರುಗಿ: "ಮಿಕ್ಕಿದ್ ಆರ್ ಜನ ಮಾರ್ನೆ ದಿನ ಹೋದ್ರು ಸಾ. ನಂಗೆ ಮಾರ್ನೆ ದಿನ ಇರ್ಲಿಲ್ಲ. ಮುಂದಿನ್ ಸಲುಕ್ಕೆ ವಯಸ್ಸು ಮೀರ್ತದೆ."

"ಬರೆದವನು ಸಿಕ್ಕಿದ್ರೆ?"

"ಏನ್ ಮಾಡದು. ಯಾಕ್ ಬರ್ದೆ ಅಂತ ಕೇಳ್ತೀನಿ, ಅಷ್ಟೇಯ."

ಇಂಥ ಕೆಲಸಕ್ಕೆ ಹಿಂದಿನ ದಿನವೇ ಮಂಡ್ಯಕ್ಕೆ ಹೋಗಿ ಉಳಿಯಬೇಕಿತ್ತು. ಒಂದು ಹಲಗೆ ನಂಬಿ ಕೂರುವುದೇ?

ಬಸ್ಸಿನಲ್ಲಿ ಅವಳ ಎರಡು ಸೀಟು ಹಿಂದೆ ಕೂತು ಬಂದೆ. ಪೇಪರ್ ಬಿಚ್ಚಿದೆ. ಒಂದೇ ಕಾಲಂ ಕೆ.ಆರ್. ಪೇಟೆಯವರೆಗೂ ಓದಿದೆ.

24 ಸೆಪ್ಟೆಂಬರ್, ಗುರುವಾರ

ಪ್ರೊಫೆಸರ್ ಶಿವಣ್ಣನವರಿಗೆ ಪ್ರಕರಣ ಹೇಳಿದೆ. ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಇದೇ ನೋಡಿ ಕ್ಷೇತ್ರಕಾರ್ಯ ಅಂದ್ರೆ. ನಾಲ್ಕನೇ ಅಧ್ಯಾಯ ಪೂರ್ತಿ ಇದರ ಮೇಲೇ ಕಟ್ಟಿ. ಬರೆದವರು ಯಾರು ಅಂತ ಗೊತ್ತಾಯ್ತೇ?"

"ಇಲ್ಲ ಸರ್."

"ಒಳ್ಳೇದಾಯ್ತು. ಗೊತ್ತಾಗಿಬಿಟ್ರೆ ಹೊಣೆ ಅವನದೇ, ಥೀಸಿಸ್ ನಿಲ್ಲೋಲ್ಲ."

'ಅನಾಮಧೇಯ ವ್ಯಕ್ತಿಯೊಬ್ಬ' ಎಂದು ಟೈಪ್ ಮಾಡಿಸಿದೆ. ಒಳ್ಳೆಯ ವಾಕ್ಯ. ವ್ಯಾಕರಣದ ತಪ್ಪಿಲ್ಲ.

28 ಸೆಪ್ಟೆಂಬರ್, ಸೋಮವಾರ. ಶ್ರೀರಂಗಪಟ್ಟಣ

ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲಲ್ಲಿ ಮಂಚಯ್ಯ. ಮೂರು ಬಸ್ಸು ಬದಲಾಯಿಸಿ ಬಂದಿದ್ದ. ಮೊದಲ ಸಲ ಹೋದಾಗ ನಾನೇ ಬರೆದುಕೊಟ್ಟಿದ್ದ ವಿಳಾಸದ ಚೀಟಿಯನ್ನು ದಾರಿಯಲ್ಲಿ ಮೂರು ಜನರ ಕೈಲಿ ಓದಿಸಿದನಂತೆ. ಅಮ್ಮ ಕಾಫಿ ಕೊಟ್ಟು, "ಕುಡೀರಣ್ಣ, ಬಿಸಿಲಲ್ಲಿ ಬಂದಿದೀರಿ" ಎಂದರು. ಬಾಯ್ತುಂಬ ನಗುತ್ತ ಕುಡಿದ. ಅಮ್ಮ ಒಳಗೆ ಹೋದ ಮೇಲೆ ಲೋಟ ಕೆಳಗಿಟ್ಟ.

"ಪಂಚಾಯ್ತಿಗೆ ಒಂದ್ ಕಾಗ್ದ ಬೇಕು ಸಾ. ಯಾರ್ ಬರುದ್ರು ಅಂತ."

"ಯಾರು ಅಂತ ಗೊತ್ತಿದ್ರೆ ತಾನೆ ಮಂಚಣ್ಣ?"

"ಗೊತ್ತೈತಲ್ಲ. ನೀವೇಯ."

ಅಮ್ಮನಿಗೆ ಕೇಳಿಸಿತೇ ಎಂದು ಒಳಗಿನ ಬಾಗಿಲ ಕಡೆ ನೋಡಿದೆ.

"ಅಕ್ಸರ ನಂಗ್ ಬರಾಕಿಲ್ಲ. ಕೈ ಗೊತ್ತಾಯ್ತದೆ. ಬಲಗೈಯೋರು ಬರುದ್ರೆ ಸಾಲು ನೀಟಾಗಿರ್ತದೆ. ಎಡಗೈಯೋರು ಬರುದ್ರೆ ಸುಣ್ಣ ಎಲ್ಲ ತಿಕ್ಕೋಗಿರ್ತದೆ. ಅಲ್ಲಿ ಬರಿಯೋರ್ಗೆಲ್ಲ ಬಲಗೈಯೇಯ. ನಿಮ್ ಬುಕ್ಕಲ್ಲಿ ಬರಿಯೋದ್ ಮೊದ್ಲೇ ನೋಡಿದ್ನಲ್ಲ."

"ಅವತ್ತೇ ಗೊತ್ತಿತ್ತಾ? ಮತ್ತೆ ಯಾಕೆ ಒರೆಸಲಿಲ್ಲ?"

"ಬರುದ್ರೆ ಏನ್ ತಪ್ಪು. ಎಲ್ಲಾರೂ ಬರೀತಾರೆ. ಓದಿರೋರು, ಪೇಟೆಯಿಂದ ಬಂದೋರು, ಬಸ್ಸಿನ್ ಸುದ್ದಿ ತಿಳ್ಕೊಂಡೇ ಬರ್ದವ್ರೆ ಅನ್ಕಂಡೆ. ಅದುಕ್ಕೇ ನಿಮ್ಮನ್ನೇ ಕೇಳಿದ್ದು, ದಿಟವಾ ಅಂತ."

ಲೋಟವನ್ನು ಗೋಡೆಯ ಬದಿಗೆ ಸರಿಸಿದ.

"ಶಿವಲಿಂಗಯ್ಯಂಗೆ ಹೇಳಿದೀರಾ?" ಎಂದೆ.

"ಊಹೂಂ. ಹೇಳೋದು ಬರ್ದೋರ್ ಕೆಲ್ಸ ಸಾ. ನಂದು ಹಲಗೆ ಇಡೋದು."

ಹೋಗುವಾಗ ಅಮ್ಮನಿಗೆ ಕೈ ಮುಗಿದ. ನನಗೂ ಮುಗಿದ. ಬೈದಿದ್ದರೆ ಬರೆದುಕೊಳ್ಳಲು ಏನಾದರೂ ಇರುತ್ತಿತ್ತು.

30 ಸೆಪ್ಟೆಂಬರ್, ಬುಧವಾರ

ಯೂನಿವರ್ಸಿಟಿಗೆ ಹೋಗಲಿಲ್ಲ. ಎರಡು ವರ್ಷದ ಫೈಲು ತೆಗೆದು ನೋಡಿದೆ. ಪುಟ 212. ಕಮಿಟಿಯ ಐವರನ್ನು ನಾನು ಏನೇನೆಂದು ಬರೆದಿದ್ದೇನೋ ಅದೆಲ್ಲ ಈ ಡೈರಿಯಲ್ಲಿದೆ. ಬೋರ್ಡು ಅಂದರೆ ಹಲಗೆ ಎಂದು ತಿಳಿದರು, ಅಷ್ಟೇ ಅವರ ತಪ್ಪು. ಯಾರ ಬಸ್ಸೂ ತಪ್ಪಿಸಲಿಲ್ಲ.

ಕಾಗದ ಕೊಟ್ಟರೆ ನಾಲ್ಕನೇ ಅಧ್ಯಾಯ ಇಲ್ಲ. ಸುದ್ದಿ ಯೂನಿವರ್ಸಿಟಿಗೆ ಹೋದರೆ ಡಿಗ್ರಿಯೂ ಇಲ್ಲ. ಕೊಡದಿದ್ದರೆ ಕೈಮರದಲ್ಲಿ ಶಾಪಿಲ್ಲ. ಕೊಟ್ಟರೂ ಪ್ರಮೀಳಾಗೆ ಸಂದರ್ಶನ ಇಲ್ಲ.

1 ಅಕ್ಟೋಬರ್, ಗುರುವಾರ. ಬೆಳಿಗ್ಗೆ 6.15

ಹನ್ನೊಂದಕ್ಕೆ ಪಂಚಾಯ್ತಿ. ಏಳರ ಬಸ್ಸು ಹಿಡಿದರೆ ಸರಿಯಾಗುತ್ತದೆ. ಪೇಪರ್ ಬಂದು ಬಾಗಿಲಲ್ಲಿ ಬಿದ್ದಿದೆ, ಬಿಚ್ಚಿಲ್ಲ.

ಎರಡು ಕರಡು ಹರಿದೆ. ಎರಡರಲ್ಲೂ 'ಅನಾಮಧೇಯ ವ್ಯಕ್ತಿ' ತಾನಾಗಿ ಬಂದು ಕೂತಿದ್ದ. ಮೂರನೆಯದನ್ನು ಇಲ್ಲಿಯೇ ಬರೆದು ನೋಡುತ್ತೇನೆ. ಪೇಪರಿನಲ್ಲಿ ಬರುವಂತೆ, ಎಲ್ಲಿ, ಯಾವಾಗ, ಏನು, ಯಾರು.

'ಹೇಮಗಿರಿ ರಸ್ತೆಯ ಕೈಮರದಲ್ಲಿ, 8-9-1998ರ ಸಂಜೆ 4.10ಕ್ಕೆ, ಮಂಚಯ್ಯನವರು ಇಟ್ಟಿರುವ ಹಲಗೆಯ ಮೇಲೆ, ಮಾರನೆಯ ದಿನ ಮಂಡ್ಯ ಬಸ್ಸು ಇಲ್ಲವೆಂದು ಸುಳ್ಳು ಬರೆದವನೂ, ದಿಟವಾ ಎಂದು ಅವರು ಕೇಳಿದಾಗ ಇರಬೇಕು ಎಂದವನೂ ಜಯಕುಮಾರ್ ಎಂಬ ನಾನೇ.'