ಬ್ರಹ್ಮಗುಪ್ತನ ಅಂಜಿಕಿ

ಅಂದೋಲಾ
೫ ಮಾರ್ಚ್ ೨೦೨೬

ಗೆಳೆಯ ಗೌಸಮೊಹಿದ್ದೀನನಿಗೆ ಶಾಂತಲಿಂಗಪ್ಪನ ಶರಣು.

ನೀ ಆಳಂದದಿಂದ ಎರಡು ಸಲ ಫೋನ್ ಮಾಡಿದಿ, ನಾ ಎತ್ತಲಿಲ್ಲ. ಬ್ಯಾರೆ ತಿಳಕೋಬ್ಯಾಡ. ಬಾಯಿಲೆ ಹೇಳಾಕ ಆಗಲಾರದ್ದು ಇತ್ತು, ಅದಕ್ಕಽ ಬರಿಯಾಕತ್ತೇನಿ. ರಂಜಾನ್ ರೋಜಾ ಹೆಂಗ ನಡದಾವ? ಈ ಬಿಸಲಾಗ ಅಮೀರುನ್ನಿಸಾ ಭಾಭಿಯವರ ಸಕ್ಕರಿ ಬ್ಯಾನಿ ಕಡೆ ಲಕ್ಷ್ಯ ಇಡು.

ಮಗಳು ಭುವನೇಶ್ವರಿ ಹಡಿಯಾಕ ನಮ್ಮ ಮನಿಗೆ ಬಂದಾಳ. ಎಂಟು ತಿಂಗಳು ತುಂಬ್ಯಾವ. ಮೊದಲನೇ ಕೂಸು ಹುಟ್ಟಿದ ಮೂರು ದಿನಕ್ಕ ಹೋಗಿದ್ದು ನಿನಗ ಗೊತ್ತದ. ಅದು ಹೊಟ್ಟ್ಯಾಗಿದ್ದಾಗ ಅಕಿ ಅಂಗಳದಾಗ ನಿಂತು ಸೂರ್ಯಗ್ರಹಣ ನೋಡಿದ್ಲು. ಕೂಸಿನ ಹೃದಯದಾಗ ರಂಧ್ರ ಇತ್ತು, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರು ಡಾಕ್ಟರು. ನಾನೂ ಊರ ಮಂದಿಗೆ ಹಂಗಽ ಹೇಳಿಕೋತ ಬಂದೆ.

ಅತನೂರ ಸಾಲ್ಯಾಗ ನಾವಿಬ್ಬರೂ ಮಾಸ್ತರ ಇದ್ದಾಗ ನಾ ಗ್ರಹಣದ ಪಾಠ ಹೆಂಗ ಮಾಡ್ತಿದ್ದೆ ನೆನಪದ ಏನು? ಚಂದ್ರನ ಮ್ಯಾಲೆ ಬೀಳೋದು ಭೂಮಿ ನೆರಳು ಅಂತ ಆರ್ಯಭಟ ಬರದ. ಆಮ್ಯಾಲೆ ಬಂದ ಬ್ರಹ್ಮಗುಪ್ತನಿಗೂ ಆ ಲೆಕ್ಕ ಪೂರಾ ಗೊತ್ತಿತ್ತು. ಆದ್ರೂ ರಾಹುವಿನ ಮಾತು ಬಿಡಬಾರದು ಅಂದ. ಮಂದಿಗೆ ಅಂಜಿ ಹಂಗ ಬರದಿರಬೇಕು ಅಂತ, ಅವನ ಪುಸ್ತಕ ಓದಿದ ಪರದೇಶದ ಪಂಡಿತ ಅಲ್ ಬಿರೂನಿಗೆ ಅನುಮಾನ. ಲೆಕ್ಕ ಬಲ್ಲಾವಗ ಎದಿ ಇದ್ದಿಲ್ಲ ನೋಡ್ರಿ ಅಂತ ನಾ ಮೂವತ್ತು ವರ್ಷ ಬ್ರಹ್ಮಗುಪ್ತಗ ನಕ್ಕೆ. ಹುಡುಗರೂ ನಗ್ತಿದ್ರು.

ಮೊನ್ನೆ ಮಂಗಳವಾರ ಚಂದ್ರ ಗ್ರಹಣ ಹಿಡಕೊಂಡಽ ಮೂಡಾಂವ ಇದ್ದ. ಕಿಡಕಿ ಮುಚ್ಚರಿ ಅಂತ ನನ್ನ ಹೆಂಡತಿ ಗೌರಾಬಾಯಿ ಹೇಳಿದ್ದಲ್ಲ. ನಾನಽ ಆರು ಗಂಟೆಕ್ಕ ಕಿಡಕಿ ಮುಚ್ಚಿದೆ, ಸಂದಿಗೆ ಹಳೇ ಧೋತರ ತುರುಕಿದೆ, ಬಾಗಲಾ ಚಿಲಕ ಹಾಕಿದೆ. ಸೊಳ್ಳಿ ಭಾಳ ಆಗ್ಯಾವ ಅಂದೆ. ಭುವನೇಶ್ವರಿ ಪಲಂಗದ ಮ್ಯಾಲೆ ಕುಂತು ನನ್ನ ಮಾರಿನಽ ನೋಡಿದ್ಲು.

"ಅಪ್ಪಾ, ನೀವು ಅಂಜೀರೇನು?"

ನಾ ಚಿಲಕ ಬಿದ್ದದೋ ಇಲ್ಲೋ ಅಂತ ಮತ್ತೊಮ್ಮೆ ಒತ್ತಿ ನೋಡಿದೆ.

"ನೀವು ಅಂಜಿದ್ರ, ನನ್ನ ಕೂಸನ್ನ ನಾನಽ ಕೊಂದೆ ಅಂದಂಗ ಆಗ್ತದ. ಬಾಗಲಾ ತೆಗೀರಿ."

ನಾ ಬಾಗಲಕ್ಕ ಬೆನ್ನು ಹಚ್ಚಿ ನಿಂತೆ, ಸರೀಲಿಲ್ಲ. ಅಕಿ ಗ್ವಾಡಿ ಹಿಡಕೊಂಡು ಎದ್ದು ಬಂದು, ನನ್ನ ಮಗ್ಗಲದಿಂದ ಕೈ ಚಾಚಿ ಚಿಲಕ ತಗದ್ಲು. ಜೋಳ ಕೊಯ್ದ ಹೊಲದಾಚೆ ಚಂದ್ರ ಒಂದು ಅಂಚು ಕರ್ರಗ ಮಾಡಿಕೊಂಡು ಎದ್ದಿದ್ದ. ಆ ಕಪ್ಪು ಪೂರಾ ಸರಿಯೋತನಕ ನೋಡಿದ್ಲು. ನಾ ಅಕಿ ಹೊಟ್ಟಿ ನೋಡಿಕೋತ ನಿಂತಿದ್ದೆ. ಅವತ್ತಿನಿಂದ ತಾಸಿಗೊಮ್ಮೆ ಕೂಸು ಮಿಸುಕಾಡ್ತದೇನವಾ ಅಂತ ಕೇಳಾಕತ್ತೇನಿ. ಹೌದು ಅಂತಾಳ. ನನಗ ನಂಬಿಕಿ ಬರವಲ್ದು.

ಜೇವರ್ಗಿ ಡಾಕ್ಟರು ಎಲ್ಲಾ ಸರಿ ಅದ, ಇನ್ನ ಮೂರು ವಾರ ಅಂದಾರ. ನಿನ್ನ ದುವಾದಾಗ ಅಕಿ ಹೆಸರು ಇರಲಿ. ನಿನ್ನ ಮೊಮ್ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ
ಶಾಂತಲಿಂಗಪ್ಪ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಆ ಸಲ ಸೂರ್ಯಗ್ರಹಣ ನೋಡಾಕ ಅಕಿ ತಾನಾಗಿ ಹೊರಗ ಬಂದಿದ್ದಿಲ್ಲ. ಬ್ಯಾಡ ಅಪ್ಪಾ, ಅಂಜಿಕಿ ಆಗ್ತದ ಅಂದಿದ್ಲು. ಮಾಸ್ತರನ ಮಗಳಾಗಿ ಹಿಂಗಂತಿಯೇನು ಅಂತ ನಾ ಕೈ ಹಿಡದು ಎಳಕೊಂಡು ಬಂದೆ. ಅದನ್ನ ಅಕಿ ಮರತಾಳೋ, ನನ್ನ ಸಲುವಾಗಿ ಮರತಂಗ ಇದ್ದಾಳೋ ಗೊತ್ತಿಲ್ಲ. ಕೇಳಾಕ ಧೈರ್ಯ ಆಗವಲ್ದು.